ಓದುಗರ ಪ್ರಶ್ನೆ, ಮಾಜಿ ಸಾರ್ಜೆಂಟನ ಉತ್ತರ: ವೈರಿ ಹೊಡೆಯದ ವಿಮಾನಗಳು

ಎರಡು ಸಂಚಿಕೆಯ ಹಿಂದೆ ಯಾರಿಗೋ ಉತ್ತರ ಕೊಡುವ ಭರದಲ್ಲಿ ಒಂದು ಸಾಲು ಬರೆದಿದ್ದೆ. ‘ಯುದ್ಧದಲ್ಲಿ ಸಾಮಾನು ಹೊರುವ ವಿಮಾನಕ್ಕೆ ವೈರಿಗಿಂತ ತನ್ನವರ ಅವಸರದ್ದೇ ಭಯ ಜಾಸ್ತಿ’ ಅಂತ. ಬರೆದು ಮರೆತೂ ಬಿಟ್ಟಿದ್ದೆ. ಮೊನ್ನೆ ಸಂಪಾದಕರು ಹುಡುಗನ ಕೈಲಿ ಒಂದು ದಪ್ಪ ಲಕೋಟೆ ಕಳಿಸಿದರು. ಬಿಚ್ಚಿ ನೋಡಿದರೆ ಎಲ್ಲ ಆ ಒಂದೇ ಸಾಲಿನ ಮೇಲೆ ಬಂದ ಪತ್ರಗಳು. ಹಾಗಾಗಿ ಈ ಸಲ ಪಿಂಚಣಿ, ಕ್ಯಾಂಟೀನ್ ಕಾರ್ಡು, ಸೇನಾ ಭರ್ತಿ ಇವನ್ನೆಲ್ಲ ಪಕ್ಕಕ್ಕಿಟ್ಟು ಈ ಪತ್ರಗಳಿಗಷ್ಟೇ ಉತ್ತರ ಬರೆದಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಗದಗ ಕಡೆಯವನು. ಅಪ್ಪ ಚಕ್ಕಡಿಯಲ್ಲಿ ಹತ್ತಿ, ಶೇಂಗಾ ಹೇರಿಕೊಂಡು ಗದಗ ಪೇಟೆಗೆ ಹೊಡೆಯುತ್ತಿದ್ದ. 1976ರಲ್ಲಿ ನಾನು ವಾಯುಪಡೆ ಸೇರಿದೆ. ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ ಬೂಟು ಸವೆಸಿ, ಆಮೇಲೆ ಬಹಳ ವರ್ಷ ಚಂಡೀಗಡದಲ್ಲಿದ್ದೆ. ಮೊದಲು ಆನ್-12, ನಂತರ ಆನ್-32, ಎರಡೂ ಸಾಮಾನು ಹೊರುವ ವಿಮಾನಗಳೇ. ವಿಮಾನ ಹಾರಿಸಿದವನಲ್ಲ. ಅದರೊಳಗೆ ಸಾಮಾನು ಹೇರಿಸುವುದು, ಕಟ್ಟುವುದು, ತೂಕದ ಲೆಕ್ಕ ಹಾಕುವುದು ನನ್ನ ಕೆಲಸ. ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ, ಲೋಡ್‌ಮಾಸ್ಟರ್. ನಮ್ಮವ್ವ ಮಾತ್ರ ಊರವರಿಗೆ ‘ನಮ್ಮ ಹುಡುಗ ವಿಮಾನದ ಹಮಾಲ’ ಅಂತಲೇ ಹೇಳುತ್ತಿದ್ದಳು. ಅದೇ ಸರಿ.

ಸರ್, ನಂದು ಮೆಣಸಿನಕಾಯಿ ಲಾರಿ. ಚೀಲ ಒಂದ್ ಕಡೆ ಜಾರಿದ್ರ ಲಾರಿ ವಾಲತೈತಿ. ನಾವು ನಿಲ್ಲಿಸಿ, ತಾಡಪತ್ರಿ ಬಿಚ್ಚಿ, ಮತ್ತ ಕಟ್ಟತೀವಿ. ವಿಮಾನದಾಗ ಲೋಡು ಜಾರಿದ್ರ ಏನಾಗತೈತಿ?
— ಲಾರಿ ಮಾಲೀಕರು, ಬ್ಯಾಡಗಿ

ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ ಅಣ್ಣಾರ. ನೀವು ನಿಲ್ಲಿಸುತ್ತೀರಿ. ನಾವು ಎಲ್ಲಿ ನಿಲ್ಲಿಸೋಣ?

ಚಕ್ಕಡಿ ಹೊಡೆದವರಿಗೆ ಉಲಾಳ ಅಂದರೆ ಗೊತ್ತು. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ನೊಗ ಆಕಾಶ ನೋಡುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲಿಗೆ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಅಪ್ಪ ನೊಗವನ್ನು ಕೈಯಲ್ಲಿ ಒಮ್ಮೆ ಎತ್ತಿ ನೋಡಿ, ‘ಎರಡು ಚೀಲ ಮುಂದಕ್ಕ ತಗೋ’ ಅನ್ನುತ್ತಿದ್ದ. ವಿಮಾನದ್ದೂ ಅದೇ ಲೆಕ್ಕ. ರೆಕ್ಕೆಯನ್ನು ಚಕ್ಕಡಿಯ ಅಚ್ಚು ಅಂದುಕೊಳ್ಳಿ. ಇಡೀ ಭಾರದ ನಡುಬಿಂದು ಆ ಅಚ್ಚಿನ ಹತ್ತಿರ ಒಂದು ಸಣ್ಣ ಅಳತೆಯೊಳಗೆ ಇರಬೇಕು. ಅದಕ್ಕೇ ಪ್ರತಿ ಸಲ ಟ್ರಿಮ್ ಶೀಟ್ ಬರೆಯುವುದು. ನಾವು ಅದಕ್ಕೆ ತೂಕದ ಚೀಟಿ ಅನ್ನುತ್ತಿದ್ದೆವು. ಭಾರ ಹಿಂದೆ ಸರಿದರೆ ಮೂಗು ಏಳುತ್ತದೆ, ವೇಗ ಇಳಿಯುತ್ತದೆ, ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ.

2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಲ್ಲಿ ಆದದ್ದನ್ನು ಕೇಳಿ. ಅಮೆರಿಕದ ಸೇನೆಗೆ ಗುತ್ತಿಗೆ ಮೇಲೆ ಸಾಮಾನು ಸಾಗಿಸುತ್ತಿದ್ದ ಬೋಯಿಂಗ್ 747. ಒಳಗೆ ಐದು ಯುದ್ಧವಾಹನ. ಎರಡು ತಲಾ 12 ಟನ್, ಮೂರು ತಲಾ 18 ಟನ್. ಬೇರೆ ನೆಲೆಯಲ್ಲಿ ಹೇರಿಕೊಂಡು ಇಂಧನಕ್ಕೆಂದು ಬಗ್ರಾಮ್‌ಗೆ ಬಂದಿಳಿದಾಗಲೇ ವಾಹನ ಕಟ್ಟಿದ್ದ ಒಂದು ಪಟ್ಟಿ ಕಿತ್ತಿದ್ದು ಸಿಬ್ಬಂದಿಯ ಕಣ್ಣಿಗೆ ಬಿದ್ದಿತ್ತು. ಅದರ ಬಗ್ಗೆ ಅವರು ಮಾತಾಡಿಕೊಂಡದ್ದು ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಸಿಕ್ಕಿತು. ಆದರೂ ಹೊರಟರು. ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಮೂಗು ಮೇಲೆದ್ದಿತು. ಅಷ್ಟು ದೊಡ್ಡ ವಿಮಾನ ಗಾಳಿಯಲ್ಲಿ ನಿಂತೇ ಬಿಟ್ಟ ಹಾಗೆ ಕಂಡು, ಒಂದು ಬದಿಗೆ ವಾಲಿ ನೆಲಕ್ಕೆ ಬಿತ್ತು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ರಸ್ತೆಯಲ್ಲಿದ್ದ ಒಂದು ಗಾಡಿಯ ಕ್ಯಾಮೆರಾದಲ್ಲಿ ಅದು ಪೂರ್ತಿ ದಾಖಲಾಗಿದೆ. ನಾನು ಒಂದೇ ಸಲ ನೋಡಿದ್ದೇನೆ, ಮತ್ತೆ ನೋಡಿಲ್ಲ.

ವಿಡಿಯೊ ನೋಡಿದಾಗ ನಾನೂ ‘ಉಲಾಳ!’ ಅಂದೆ. ನನ್ನಂಥವರೆಲ್ಲ ಹಾಗೇ ಅಂದರು. ಆದರೆ ತನಿಖೆ ಬೇರೆ ಹೇಳಿತು. ಬರೀ ಭಾರ ಹಿಂದೆ ಸರಿದಿದ್ದರೆ ಪೈಲಟ್ ಹೇಗೋ ಸಂಭಾಳಿಸಬಹುದಿತ್ತು. ಸಡಿಲಾದ ವಾಹನ ಹಿಂದಿನ ಗೋಡೆಯನ್ನು ಒಡೆದು ನುಗ್ಗಿ, ಬಾಲದ ರೆಕ್ಕೆಯನ್ನು ಆಡಿಸುವ ಸ್ಕ್ರೂವನ್ನೂ ಹೈಡ್ರಾಲಿಕ್ ಕೊಳವೆಗಳನ್ನೂ ಹಾಳು ಮಾಡಿತ್ತು. ಚಕ್ಕಡಿಯ ಭಾಷೆಯಲ್ಲಿ ಹೇಳಬೇಕೆಂದರೆ ನೊಗ ಎದ್ದದ್ದಷ್ಟೇ ಅಲ್ಲ, ಹೊಡೆಯುವವನ ಕೈಯ ಹಗ್ಗವೂ ಹರಿದುಹೋಯಿತು. ಮೂಲದಲ್ಲಿ ತಪ್ಪು ಏನು? ಅಷ್ಟು ತೂಕಕ್ಕೆ ಎಷ್ಟು ಪಟ್ಟಿ ಬೇಕು ಅನ್ನುವ ಲೆಕ್ಕವೇ ತಪ್ಪಿತ್ತು. ತಾಲಿಬಾನಿನವರು ತಾವೇ ಹೊಡೆದದ್ದು ಅಂತ ಹೇಳಿಕೊಂಡರು. ಯಾರೂ ಹೊಡೆದಿರಲಿಲ್ಲ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಆನ್-12ರ ಕಾಲ. ಚಳಿಗಾಲ, ಲೇಹ್ ರಸ್ತೆ ಮುಚ್ಚಿತ್ತು. ಸೀಮೆಎಣ್ಣೆ ಬ್ಯಾರಲ್ ಹೇರಿದ್ದೆವು. ಬಲೆಯ ಒಂದು ಹುಕ್ಕನ್ನು ನಾನು ಪೂರ್ತಿ ತಿರುಗಿಸಿರಲಿಲ್ಲ. ಕೈ ಮರಗಟ್ಟಿತ್ತು, ಹಿಂದಿನಿಂದ ಯಾರೋ ‘ಬೇಗ, ಬೇಗ’ ಅನ್ನುತ್ತಿದ್ದರು, ಆಯಿತು ಅಂತ ಹೆಬ್ಬೆರಳು ತೋರಿಸಿದೆ. ಇಳಿಯುವಾಗ ಮೂಗು ಬಗ್ಗಿದ ಕೂಡಲೇ ಒಂದು ಸಾಲು ಬ್ಯಾರಲ್ ಒಂದು ಗೇಣು ಮುಂದಕ್ಕೆ ಜಾರಿತು. ಒಂದೇ ಗೇಣು. ಆ ಸದ್ದು ಈಗಲೂ ಕಿವಿಯಲ್ಲಿದೆ. ಆನ್-12ರ ಸಾಮಾನಿನ ಭಾಗದಲ್ಲಿ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಬೇರೆ. ಕೂಗುವ ಹಾಗೂ ಇಲ್ಲ. ಬಾಯಿ ಕಟ್ಟಿಕೊಂಡು ಹೆದರುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಇಳಿದ ಮೇಲೆ ಕ್ಯಾಪ್ಟನ್ ಬೈಯಲಿಲ್ಲ. ಆ ಹುಕ್ಕನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟು ಚಹಾ ಕುಡಿಯಲು ಹೋದರು. ಜೀವನಪೂರ್ತಿ ಇಟ್ಟುಕೊಳ್ಳಬೇಕಿತ್ತು ಆ ಹುಕ್ಕನ್ನು. ಸರ್ಕಾರಿ ಸಾಮಾನು, ಸಹಿ ಹಾಕಿ ಸ್ಟೋರಿಗೆ ವಾಪಸ್ ಕೊಟ್ಟೆ.

ರಜೆಯಲ್ಲಿ ಬಂದಾಗ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. ‘ನಿಮ್ಮಪ್ಪ ಹಗ್ಗ ಎರಡು ಸಲ ಜಗ್ಗಿ ನೋಡ್ತಿದ್ದ. ನೀ ನೋಡಲಿಲ್ಲೇನು?’ ಅಂದಳು. ಆಮೇಲೆ ಸರ್ವಿಸ್ ಮುಗಿಯುವವರೆಗೂ ಎರಡು ಸಲ ಜಗ್ಗಿದ್ದೇನೆ.

ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಚೀನಾಕ್ಕೆ ಹೋಗುತ್ತಿದ್ದ ನೂರಾರು ವಿಮಾನಗಳು ಬೆಟ್ಟಗಳಲ್ಲಿ ಬಿದ್ದವು ಎಂದು ಓದಿದೆ. ಅವನ್ನೆಲ್ಲ ಜಪಾನಿನವರು ಹೊಡೆದರೇ?
— ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಇಲ್ಲ ತಂಗಿ. ಕೆಲವನ್ನು ಹೊಡೆದರು. ಬಹುಪಾಲು ಹೋದದ್ದು ಮೋಡ, ಮಂಜುಗಡ್ಡೆ, ಎಂಜಿನ್, ನಿದ್ದೆಗೆಟ್ಟ ಕಣ್ಣು, ಇವುಗಳಿಂದ.

1942ರಲ್ಲಿ ಜಪಾನಿನವರು ಬರ್ಮಾ ರಸ್ತೆಯನ್ನು ಮುಚ್ಚಿಸಿದರು. ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಕಳಿಸಲು ಆಕಾಶ ಬಿಟ್ಟರೆ ಬೇರೆ ದಾರಿ ಉಳಿಯಲಿಲ್ಲ. ಅಸ್ಸಾಮಿನ ಚಬುವಾ, ದಿಂಜಾನ್, ಮೋಹನ್‌ಬಾರಿ ಮುಂತಾದ ಕಡೆಯಿಂದ ಹೊರಟು, ಪಟ್ಕಾಯ್ ಸಾಲು ದಾಟಿ, ಅದಕ್ಕಿಂತ ಎತ್ತರದ ಸಾಲುಗಳನ್ನೂ ದಾಟಿ ಚೀನಾದ ಕುನ್ಮಿಂಗ್‌ನಲ್ಲಿ ಇಳಿಯಬೇಕು. ದೂರ ಹೆಚ್ಚೇನಲ್ಲ, ಸುಮಾರು 800 ಕಿಲೊಮೀಟರ್. ಪೈಲಟ್‌ಗಳು ಆ ಬೆಟ್ಟದ ಸಾಲಿಗೆ ಇಟ್ಟ ಹೆಸರು ಹಂಪ್. ನಮ್ಮ ಹಳೇ ಹುಬ್ಬಳ್ಳಿ ರಸ್ತೆಗಳಲ್ಲಿ ಸ್ಕೂಟರಿನ ಬೆನ್ನು ಮುರಿಯುವ ಹಂಪ್ ಇದೆಯಲ್ಲ, ಅದೇ ಪದ. ಆದರೆ ಆ ಹಂಪ್‌ನ ಎತ್ತರ 15,000 ಅಡಿಗೂ ಮೇಲೆ.

ಮೂರೂವರೆ ವರ್ಷದಲ್ಲಿ ಸುಮಾರು ಆರೂವರೆ ಲಕ್ಷ ಟನ್ ಸಾಮಾನು ಹೋಯಿತು. ಹೆಚ್ಚುಕಡಿಮೆ 600 ವಿಮಾನ ಹೋದವು. 1,600ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಕೆಳಗೆ ಬಿದ್ದಿದ್ದ ಅಲ್ಯೂಮಿನಿಯಂ ಬಿಸಿಲಿಗೆ ಹೊಳೆಯುತ್ತಿತ್ತಂತೆ. ಹಾಗಾಗಿ ಆ ದಾರಿಗೇ ‘ಅಲ್ಯೂಮಿನಿಯಂ ಜಾಡು’ ಅಂತ ಹೆಸರು ಬಿತ್ತು.

ಯಾಕೆ ಹಾಗಾಯಿತು? ಹವೆಯಂತೂ ಸರಿ. ಮಳೆಗಾಲದ ಮೋಡದೊಳಗೆ ರೆಕ್ಕೆಗೆ ಮಂಜುಗಡ್ಡೆ ಹತ್ತುತ್ತದೆ. ಮಂಜುಗಡ್ಡೆ ಬರೀ ಭಾರವಲ್ಲ. ರೆಕ್ಕೆಯ ಆಕಾರವನ್ನೇ ಕೆಡಿಸುತ್ತದೆ. ಆಕಾರ ಕೆಟ್ಟರೆ ಅದು ರೆಕ್ಕೆಯೇ ಅಲ್ಲ, ಹಲಗೆ. ಆದರೆ ನನಗೆ ಹೊಟ್ಟೆ ಉರಿಸುವುದು ಹವೆಯಲ್ಲ, ಮನುಷ್ಯರು ಮಾಡಿಕೊಂಡದ್ದು. ಸಿ-46 ಅಂತ ಒಂದು ದೊಡ್ಡ ಎರಡು ಎಂಜಿನ್ ವಿಮಾನ. ಆ ಕಾಲದ ಡಕೋಟಾ ಸಾಗಣೆ ವಿಮಾನಕ್ಕಿಂತ ಜಾಸ್ತಿ ಹೊರುತ್ತದೆ ಅಂತ, ಪರೀಕ್ಷೆ ಪೂರ್ತಿಯಾಗುವ ಮೊದಲೇ ತಂದು ಅಸ್ಸಾಮಿಗೆ ಹಾಕಿದರು. ಕೆಲವು ಗಾಳಿಯಲ್ಲೇ ಸಿಡಿಯುತ್ತಿದ್ದವು. ಯಾಕೆ ಅಂತ ಬಹಳ ದಿನ ಯಾರಿಗೂ ತಿಳಿಯಲಿಲ್ಲ. ಕೊನೆಗೆ ನೋಡಿದರೆ ಇಂಧನದ ಸಣ್ಣ ಸೋರಿಕೆ ರೆಕ್ಕೆಯ ಬುಡದಲ್ಲಿ ನಿಂತು, ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತಿತ್ತು. ಎರಡು ವರ್ಷದಲ್ಲಿ ಇಂಥವು ಕನಿಷ್ಠ 31. ಸೋರುವ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಯಲ್ಲಿಟ್ಟು ದೀಪ ಹಚ್ಚಿದ ಹಾಗೆ.

ಇನ್ನೊಂದು ಕೇಳಿ. ಒಬ್ಬ ಪೈಲಟ್ 650 ಗಂಟೆ ಹಾರಿದರೆ ಮನೆಗೆ ಹೋಗಬಹುದು ಅಂತ ನಿಯಮ ಇತ್ತು. ನೀನು ಇಪ್ಪತ್ತೆರಡು ವರ್ಷದವಳಾಗಿದ್ದರೆ ಏನು ಮಾಡುತ್ತಿದ್ದೆ? ಹುಡುಗರು ಹಗಲು ರಾತ್ರಿ ಹಾರಿ, ತಿಂಗಳಿಗೆ 165 ಗಂಟೆವರೆಗೂ ಎಳೆದು, ನಾಲ್ಕೇ ತಿಂಗಳಲ್ಲಿ ಲೆಕ್ಕ ಮುಗಿಸಲು ನೋಡುತ್ತಿದ್ದರು. ಮನೆಗೆ ಹೋಗುವ ಅವಸರವೇ ಮನೆಗೆ ಹೋಗದ ಹಾಗೆ ಮಾಡಿತು. 1944ರ ಸೆಪ್ಟೆಂಬರಿನಲ್ಲಿ ವಿಲಿಯಂ ಟನ್ನರ್ ಎನ್ನುವ ಜನರಲ್ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಬದಲಿಸಿದ. 750 ಗಂಟೆ, ಅದರ ಜೊತೆ ಕನಿಷ್ಠ ಒಂದು ವರ್ಷ ಇಲ್ಲೇ ಇರಬೇಕು. ಈಗ ಓಡಿದರೂ ಅಷ್ಟೇ, ನಡೆದರೂ ಅಷ್ಟೇ. ಹುಡುಗರು ಅವನಿಗೆ ಎಷ್ಟು ಶಾಪ ಹಾಕಿದರೋ! ರಿಪೇರಿ ಕೆಲಸವನ್ನೂ ಅವನು ಕಾರ್ಖಾನೆಯ ಸಾಲಿನ ಹಾಗೆ ಮಾಡಿದ. ವಿಮಾನ ಒಂದೊಂದೇ ತಂಡದ ಮುಂದೆ ಸರಿಯುತ್ತಾ ಹೋಗುವುದು, ತೊಳೆಯುವವರು ತೊಳೆಯುವುದು, ಎಂಜಿನ್ ನೋಡುವವರು ಎಂಜಿನ್ ನೋಡುವುದು. ನಮ್ಮ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನವರಿಗೆ ಈ ಪದ್ಧತಿ ಹೊಸದೇನಲ್ಲ.

1944ರ ಜನವರಿಯಲ್ಲಿ ಪ್ರತಿ ಸಾವಿರ ಹಾರಾಟದ ಗಂಟೆಗೆ ಹತ್ತಿರ ಹತ್ತಿರ ಎರಡು ಅಪಘಾತ ಆಗುತ್ತಿತ್ತು. ಒಂದು ವರ್ಷದ ನಂತರ 0.3. ಬೆಟ್ಟ ಅದೇ, ಮೋಡ ಅದೇ. ಸಾಗಿಸಿದ ಸಾಮಾನು ಮೊದಲಿಗಿಂತ ಜಾಸ್ತಿಯೇ. ನನ್ನ ಆ ಒಂದು ಸಾಲಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ನಿನ್ನ ಪ್ರಬಂಧಕ್ಕೆ ಒಂದು ಕತೆ ಕೊಡುತ್ತೇನೆ. 1943ರ ಆಗಸ್ಟ್ 2ರಂದು ಒಂದು ಸಿ-46ರ ಎಂಜಿನ್ ಕೆಟ್ಟಿತು. ಒಳಗಿದ್ದವರು 21 ಜನ. ಅದರಲ್ಲಿ ಎರಿಕ್ ಸೆವರೈಡ್ ಎಂಬ ರೇಡಿಯೊ ವರದಿಗಾರನೂ ಇದ್ದ. ಪ್ಯಾರಾಚೂಟ್ ಕಟ್ಟಿಕೊಂಡು ನಾಗಾ ಬೆಟ್ಟಗಳ ಮೇಲೆ ಹಾರಿದರು. ಇಪ್ಪತ್ತು ಜನ ಬದುಕಿದರು. ಗಾಯಗೊಂಡವರನ್ನು ನೋಡಿಕೊಳ್ಳಲು ಡಾನ್ ಫ್ಲಿಕಿಂಜರ್ ಎಂಬ ಸೇನಾ ವೈದ್ಯ ತಾನೂ ಇನ್ನೊಂದು ವಿಮಾನದಿಂದ ಅದೇ ಕಾಡಿಗೆ ಹಾರಿದ. ಒಂದು ಮಾತ್ರೆ ಚೀಟಿ ಬರೆಯಲು ಎರಡು ತಾಸು ಕಾಯಿಸುವ ಡಾಕ್ಟರನ್ನು ಕಂಡವನಿಗೆ ಈ ಕತೆ ಬಹಳ ಇಷ್ಟ. ಆ ವಿಮಾನಗಳ ತುಂಡುಗಳನ್ನು ನೋಡಬೇಕೆಂದರೆ ಅರುಣಾಚಲದ ಪಾಸಿಘಾಟ್‌ನಲ್ಲಿ 2023ರಲ್ಲಿ ಒಂದು ಮ್ಯೂಸಿಯಂ ತೆರೆದಿದ್ದಾರೆ.

ಹಾಂ, ಒಂದು ಬಿಟ್ಟೆ. ಅಸ್ಸಾಮಿನಲ್ಲಿ ಪೆಟ್ರೋಲ್ ಬ್ಯಾರಲ್‌ಗಳನ್ನು ವಿಮಾನಕ್ಕೆ ಹೇರಲು ಆನೆ ಬಳಸುತ್ತಿದ್ದ ಫೋಟೊ ಇದೆ. ಸೊಂಡಿಲಿನಲ್ಲಿ ಎತ್ತಿ ಬಾಗಿಲಿಗೆ ಇಡುವುದು. ನನ್ನ ವೃತ್ತಿಯ ಹಿರಿಯರಲ್ಲಿ ನನಗೆ ಅತಿ ಹೆಚ್ಚು ಗೌರವ ಆ ಆನೆಯ ಮೇಲೆ. ಅದು ಯಾರ ಮಾತಿಗೂ ಅವಸರ ಮಾಡುವುದಿಲ್ಲ.

ವಾಯುಪಡೆ ವಿಮಾನದಲ್ಲಿ ಚಹಾ ತಿಂಡಿ ಕೊಡುತ್ತಾರಾ ಕಾಕಾ?
— ವಿದ್ಯಾನಗರ, ಹುಬ್ಬಳ್ಳಿ

ಇಲ್ಲ. ಗಿರ್ಮಿಟ್ ಕಟ್ಟಿಸಿಕೊಂಡು ಹೋಗು. ಶೌಚಾಲಯದ ಬಗ್ಗೆ ಮಾತ್ರ ಮುಂದಿನ ಪತ್ರದಲ್ಲಿ ಕೇಳಬೇಡ.

ನೇತಾಜಿಯವರ ವಿಮಾನ ನಿಜವಾಗಿ ಬಿದ್ದಿತೇ? ತಾವು ಈ ವಿಷಯದಲ್ಲಿ ಅನುಭವಿಗಳು. ನೇರವಾಗಿ ಹೇಳಿ.
— ನಿವೃತ್ತ ಶಿಕ್ಷಕರು, ಗದಗ

ಗುರುಗಳೇ, ನೇರವಾಗಿ ಹೇಳುತ್ತೇನೆ, ಆದರೆ ಹಮಾಲನ ಕಣ್ಣಿನಿಂದ.

1945ರ ಆಗಸ್ಟ್ 18. ಜಪಾನ್ ಸೋಲೊಪ್ಪಿ ಮೂರು ದಿನವಾಗಿತ್ತು. ನೇತಾಜಿ ಸೈಗಾನ್‌ನಿಂದ ಹೊರಟಿದ್ದರು. ಅವರ ಜೊತೆಗೆ ಇನ್ನೂ ಕೆಲವರು ಹೊರಡಬೇಕಿತ್ತು. ವಿಮಾನ ಮೊದಲೇ ತುಂಬಿದ್ದರಿಂದ ಕರ್ನಲ್ ಹಬೀಬುರ್ ರೆಹಮಾನ್ ಒಬ್ಬರಿಗೆ ಮಾತ್ರ ಜಾಗ ಸಿಕ್ಕಿತು. ಆ ವಿಮಾನ ಮಿತ್ಸುಬಿಷಿಯ ಎರಡು ಎಂಜಿನ್ ಬಾಂಬರ್. ಜನರನ್ನು ಕೂರಿಸಲು ಮಾಡಿದ್ದಲ್ಲ. ಸೀಟಿಲ್ಲದೆ ಜನ ನೆಲದ ಮೇಲೆ, ಅಲ್ಲಲ್ಲಿ ಕೂತಿದ್ದರು. ಈಗ ತೈಪೆ ಅನ್ನುವ ತೈಹೊಕುದಲ್ಲಿ ಇಂಧನ ತುಂಬಿಸಿಕೊಂಡು ಎದ್ದ ಸ್ವಲ್ಪ ಹೊತ್ತಿನಲ್ಲೇ ಎಡ ಎಂಜಿನ್ ಕಳಚಿ ಬಿತ್ತು. ಜಪಾನಿನ ಲೆಫ್ಟಿನೆಂಟ್ ಜನರಲ್ ಶಿದೆಯಿ ಅಲ್ಲೇ ಸತ್ತರು. ಸುಟ್ಟಗಾಯವಾಗಿದ್ದ ನೇತಾಜಿ ಅವತ್ತು ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡರು ಅನ್ನುವುದು ಬದುಕುಳಿದವರು ಹೇಳಿದ್ದು. ಇದನ್ನು ತನಿಖೆ ಮಾಡಿದ 1956ರ ಶಾ ನವಾಜ್ ಸಮಿತಿ, ಆಮೇಲೆ ಖೋಸ್ಲಾ ಆಯೋಗ ಎರಡೂ ಒಪ್ಪಿದವು. ಮುಖರ್ಜಿ ಆಯೋಗ ಒಪ್ಪಲಿಲ್ಲ. ಅದರ ವರದಿಯನ್ನು 2006ರಲ್ಲಿ ಸರ್ಕಾರ ಒಪ್ಪಲಿಲ್ಲ.

ನನ್ನ ಮಾತು ಇಷ್ಟೇ. ಬಾಂಬರಿನಲ್ಲಿ ಜನ, ಟ್ಯಾಂಕ್ ತುಂಬ ಇಂಧನ, ಸೋತ ಸೈನ್ಯದ ದಣಿದ ಎಂಜಿನ್, ಕೂಡಲೇ ಹೊರಡಬೇಕೆಂಬ ಒತ್ತಡ. ಇಂಥ ವಿಮಾನ ಬಿದ್ದಿತು ಅಂದರೆ ನನಗೆ ಆಶ್ಚರ್ಯ ಆಗುವುದಿಲ್ಲ. ನಿಮ್ಮಂಥವರಿಗೆ ಅಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಕಾರಣಕ್ಕೆ ಹೋದರು ಅನ್ನುವುದು ಒಪ್ಪಿಗೆಯಾಗುವುದಿಲ್ಲ. ಅದೂ ನನಗೆ ಅರ್ಥವಾಗುತ್ತದೆ. ಆದರೆ ಎಂಜಿನ್ನಿಗೆ ಒಳಗೆ ಯಾರು ಕೂತಿದ್ದಾರೆ ಅಂತ ಗೊತ್ತಿರುವುದಿಲ್ಲ. ಬ್ರಿಟಿಷರ ಏರ್ ಚೀಫ್ ಮಾರ್ಷಲ್ ಲೀ-ಮ್ಯಾಲರಿಯೂ ಅಷ್ಟೇ. ನಮ್ಮ ಕಡೆಯ ಆಗ್ನೇಯ ಏಷ್ಯಾದ ವಾಯುಪಡೆಗೆ ಮುಖ್ಯಸ್ಥನಾಗಿ 1944ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟ. ಹವೆ ಕೆಟ್ಟಿತ್ತು. ಹೊರಡಲೇಬೇಕು ಅಂದ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದಲ್ಲಿ ಹೆಂಡತಿಯೂ ಸೇರಿ ವಿಮಾನದಲ್ಲಿದ್ದ ಹತ್ತೂ ಜನ ಹೋದರು. ದೊಡ್ಡವರು ಹತ್ತಿದ ವಿಮಾನದಲ್ಲಿ ‘ಬೇಡ ಸಾಹೇಬರೇ’ ಅನ್ನುವ ಧೈರ್ಯ ಯಾರಿಗಿರುತ್ತದೆ?

ಚಿತ್ರಗಳಲ್ಲಿ ಹಳೇ ಡಕೋಟಾ ವಿಮಾನಗಳ ಮೇಲೆ ಕಪ್ಪು ಬಿಳಿ ಪಟ್ಟೆ ಇರುತ್ತದೆ. ಜೀಬ್ರಾ ಹಾಗೆ. ಅದು ಯಾಕೆ ಅಂಕಲ್?
— ಒಂಬತ್ತನೇ ತರಗತಿ, ರಾಣೆಬೆನ್ನೂರು

ತಮ್ಮಾ, ಆ ಪಟ್ಟೆ ವೈರಿಗೆ ಅಲ್ಲ, ತಮ್ಮವರಿಗೇ.

1943ರ ಜುಲೈ 11ರ ರಾತ್ರಿ. ಇಟಲಿಯ ಸಿಸಿಲಿ ದ್ವೀಪ. ಅಮೆರಿಕದ 144 ಡಕೋಟಾಗಳು ಪ್ಯಾರಾಚೂಟ್ ಸೈನಿಕರನ್ನು ತುಂಬಿಕೊಂಡು ಬಂದವು. ಸ್ವಲ್ಪ ಹೊತ್ತಿನ ಮೊದಲಷ್ಟೇ ಜರ್ಮನಿಯ ವಿಮಾನಗಳು ದಾಳಿ ಮಾಡಿ ಹೋಗಿದ್ದವು. ಕೆಳಗಿದ್ದ ಹಡಗಿನವರಿಗೆ, ದಂಡೆಯಲ್ಲಿದ್ದವರಿಗೆ ಕೈ ಇನ್ನೂ ನಡುಗುತ್ತಿತ್ತು. ‘ನಮ್ಮ ವಿಮಾನ ಬರುತ್ತವೆ, ಹೊಡೆಯಬೇಡಿ’ ಅನ್ನುವ ಸುದ್ದಿ ಎಲ್ಲರಿಗೂ ತಲುಪಿರಲಿಲ್ಲ. ಯಾರೋ ಒಬ್ಬ ಗುಂಡು ಹಾರಿಸಿದ. ಒಬ್ಬ ಶುರು ಮಾಡಿದರೆ ಸಾಕು. 23 ವಿಮಾನ ಬಿದ್ದವು, 37 ಹಾಳಾದವು. ಅದಕ್ಕೇ ಮುಂದಿನ ವರ್ಷ ಜೂನ್ 6ರ ದಾಳಿಗೆ ಫ್ರಾನ್ಸಿನ ನಾರ್ಮಂಡಿಗೆ ಹೊರಡುವ ಮೊದಲು ರೆಕ್ಕೆಗೂ ಮೈಗೂ ಮೂರು ಬಿಳಿ, ಎರಡು ಕಪ್ಪು ಪಟ್ಟೆ ಬಳಿದರು. ಹೊರಡುವುದಕ್ಕೆ ಒಂದೆರಡು ದಿನ ಇದ್ದಾಗ, ಗುಟ್ಟಾಗಿ, ಕುಂಚ ಬಕೆಟ್ಟು ಹಿಡಿದು.

ಇದು ಹಳೇ ಕತೆ ಅಂದುಕೊಳ್ಳಬೇಡ. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡಗಾಮ್‌ನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರಿಗೆ ನಮ್ಮದೇ ಕ್ಷಿಪಣಿ ತಾಗಿತು. ಬಾಲಾಕೋಟ್ ದಾಳಿಯ ಮರುದಿನ. ಒಳಗಿದ್ದ ವಾಯುಪಡೆಯ ಆರು ಜನ, ಕೆಳಗಿದ್ದ ಊರಿನ ಒಬ್ಬರು ಸತ್ತರು. ಅದೇ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರು ಪತ್ರಕರ್ತರ ಮುಂದೆ ಅದು ನಮ್ಮ ದೊಡ್ಡ ತಪ್ಪು ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದು ನನಗೆ ಮೆಚ್ಚಿಗೆಯಾಯಿತು. ಎಲ್ಲ ಸೈನ್ಯಗಳೂ ಒಪ್ಪಿಕೊಳ್ಳುವುದಿಲ್ಲ.

ಇಂಥ ಅಪಘಾತಗಳ ಸುದ್ದಿ ಆಗಿನ ಪೇಪರಿನಲ್ಲಿ ಬರುತ್ತಿರಲಿಲ್ಲವೇ?
— ಕುಂದಗೋಳ

ಮುಚ್ಚಿಡುತ್ತಿದ್ದರು. 1943ರ ಜೂನ್ 14ರಂದು ಆಸ್ಟ್ರೇಲಿಯಾದ ಮಕಾಯ್ ಊರಿನ ಹತ್ತಿರ ಬೇಕರ್ಸ್ ಕ್ರೀಕ್‌ನಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಳೇ ಬಿ-17 ಬಾಂಬರ್ ಬಿದ್ದಿತು. ರಜೆ ಮುಗಿಸಿ ನ್ಯೂ ಗಿನಿಯ ಯುದ್ಧಭೂಮಿಗೆ ವಾಪಸ್ ಹೊರಟಿದ್ದ ಹುಡುಗರು. 41ರಲ್ಲಿ 40 ಜನ ಸತ್ತರು. ಸುದ್ದಿ ಸೆನ್ಸಾರ್ ಆಯಿತು. ಮನೆಯವರಿಗೆ ಎಲ್ಲಿ, ಹೇಗೆ ಅಂತ ಸರಿಯಾಗಿ ಹೇಳಲೇ ಇಲ್ಲ. ರಜೆ ಮುಗಿಸಿ ಹೊರಟ ಹುಡುಗರು ಅನ್ನುವ ಕಡೆ ನನ್ನ ಪೆನ್ನು ಸ್ವಲ್ಪ ನಿಂತಿತು. ಬೆಳಗಾವಿ ನಿಲ್ದಾಣದಲ್ಲಿ ರಾತ್ರಿ ಗಾಡಿ ಹತ್ತಿದ ನೆನಪು ನನಗೂ ಇದೆ.

ನಮ್ಮ ದೇಶದ ಯುದ್ಧಗಳ ಬಗ್ಗೆ ಒಂದಾದರೂ ಹೇಳಿ. ಬರೀ ಅಮೆರಿಕ, ಜಪಾನ್ ಆಯ್ತು.
— ನವಲಗುಂದ

ಆಕ್ಷೇಪ ಸರಿ. ಆದರೆ ಅಪಘಾತದ ಬದಲು ಆಗದೇ ಹೋದ ಅಪಘಾತ ಹೇಳಲಾ?

1948ರ ಮೇ 24. ಲೇಹ್ ಪಟ್ಟಣದ ಹತ್ತಿರಕ್ಕೆ ಪಾಕಿಸ್ತಾನದ ಕಡೆಯ ದಾಳಿಕೋರರು ಬರುತ್ತಿದ್ದರು. ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನು ಸೇರಿಸಿಕೊಂಡು ಮರಳಿನ ಮೇಲೆ ವಿಮಾನ ಇಳಿಯಲು ಒಂದು ಪಟ್ಟಿ ಸಮ ಮಾಡಿದ್ದರು. ಏರ್ ಕಮೊಡೋರ್ ಮೆಹರ್ ಸಿಂಗ್ ಒಂದು ಡಕೋಟಾ ಹತ್ತಿದರು. ಪಕ್ಕದಲ್ಲಿ ಯಾರು? ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಆ ಡಕೋಟಾಕ್ಕೆ ರೆಕ್ಕೆಯ ಮಂಜುಗಡ್ಡೆ ತೆಗೆಯುವ ಸಲಕರಣೆ ಇಲ್ಲ, ಒಳಗೆ ಗಾಳಿಯ ಒತ್ತಡ ಕಾಯುವುದಿಲ್ಲ, ಆ ದಾರಿಯ ನಕ್ಷೆಯೂ ಇಲ್ಲ. ಅದರ ಶಕ್ತಿ ಮುಗಿಯುವ ಎತ್ತರದಲ್ಲಿ ಬೆಟ್ಟದ ಸಂದುಗಳಲ್ಲಿ ನುಸುಳಿ ಹೋಗಿ ಇಳಿದರು. ಲೇಹ್ ಉಳಿಯಿತು.

ನನ್ನ ಲೆಕ್ಕದ ಪ್ರಕಾರ ಅದು ಹೊರಡಲೇಬಾರದಿದ್ದ ಹಾರಾಟ. ಆದರೆ ಒಂದು ಗಮನಿಸಿ. ‘ನೀವು ಹೋಗಿ’ ಅಂತ ಅವರು ಬೇರೆ ಹುಡುಗರನ್ನು ಕಳಿಸಲಿಲ್ಲ. ಮೊದಲ ಸಲ ತಾವೇ ಹೋದರು, ಸೇನಾಪತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಅವಸರದಲ್ಲೂ ಎರಡು ಜಾತಿ ಇರುತ್ತದೆ ನೋಡಿ.

ಅಣ್ಣಾ, ನನ್ನ ಮಗ ಸೈನ್ಯದಲ್ಲಿದ್ದಾನೆ. ದೀಪಾವಳಿ ರಜೆ ಮುಗಿಸಿ ಚಂಡೀಗಡದಿಂದ ಲೇಹ್‌ಗೆ ವಿಮಾನದಲ್ಲಿ ಹೋಗುತ್ತಾನೆ. ಐವತ್ತು ವರ್ಷದ ಹಿಂದೆ ಕಳೆದುಹೋದ ವಿಮಾನದ ಸೈನಿಕರ ಶವ ಈಗ ಸಿಕ್ಕವು ಅಂತ ಟಿವಿಯಲ್ಲಿ ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ. ನಿಮ್ಮ ಆ ಸಾಲು ಓದಿ ಇನ್ನೂ ಜಾಸ್ತಿಯಾಯಿತು.
— ಒಬ್ಬ ತಾಯಿ, ಶಿಗ್ಗಾಂವಿ

ತಂಗೀ, ನನ್ನ ಸಾಲು ನಿಮ್ಮ ನಿದ್ದೆ ಕೆಡಿಸಿತು ಅಂದರೆ ಮೊದಲು ಕ್ಷಮೆ ಕೇಳುತ್ತೇನೆ. ಸುಳ್ಳು ಸಮಾಧಾನ ಮಾತ್ರ ಹೇಳುವುದಿಲ್ಲ.

ನೀವು ಟಿವಿಯಲ್ಲಿ ನೋಡಿದ್ದು 1968ರ ಫೆಬ್ರುವರಿ 7ರ ಆನ್-12. ಯುದ್ಧದ ಕಾಲವಲ್ಲ. ಚಂಡೀಗಡದಿಂದ ಲೇಹ್‌ಗೆ ಹೊರಟಿದ್ದ 102 ಜನ. ಲೇಹ್‌ನಲ್ಲಿ ಹವೆ ಕೆಟ್ಟಿತ್ತು, ಪೈಲಟ್ ವಾಪಸ್ ತಿರುಗಿದರು, ಹಿಮಾಚಲದ ರೋಹ್ತಾಂಗ್ ಹತ್ತಿರ ಸುಳಿವು ತಪ್ಪಿತು. 2003ರಲ್ಲಿ ಬೆಟ್ಟ ಹತ್ತುವವರಿಗೆ ಹಿಮನದಿಯಲ್ಲಿ ಮೊದಲ ಗುರುತು ಸಿಕ್ಕಿತು. ಸೈನ್ಯ ಮತ್ತೆ ಮತ್ತೆ ಹುಡುಕಿತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ಶವ ಸಿಕ್ಕವು, 56 ವರ್ಷದ ನಂತರ. ನಾನು ಚಂಡೀಗಡಕ್ಕೆ ಹೋದಾಗ ಆ ವಿಮಾನ ಕಳೆದು ಹತ್ತು ವರ್ಷ ಕೂಡ ಆಗಿರಲಿಲ್ಲ. ಹಳಬರು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ರೋಹ್ತಾಂಗ್ ಬಂದಾಗ ಮಾತ್ರ ಒಬ್ಬೊಬ್ಬರೇ ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿ ಬಂದು ಕೂರುತ್ತಿದ್ದರು. ನಾನೂ ನೋಡುತ್ತಿದ್ದೆ. ಬಿಳಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

2016ರಲ್ಲಿ ಚೆನ್ನೈನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಆನ್-32 ಕೂಡ ಹಾಗೇ ಹೋಯಿತು. 29 ಜನ. 2024ರ ಜನವರಿಯಲ್ಲಿ ಸಮುದ್ರದ 3,400 ಮೀಟರ್ ಆಳದಲ್ಲಿ ಅದರ ತುಂಡುಗಳು ಸಿಕ್ಕವು. ಬೇಗ ಸಿಗಲಿ, ತಡವಾಗಿ ಸಿಗಲಿ, ಹುಡುಕುವುದನ್ನು ಬಿಡಲಿಲ್ಲ. ಇದು ಸಮಾಧಾನವಲ್ಲ, ನನಗೂ ಗೊತ್ತು.

ಈಗ ನಿಮಗೆ ಬೇಕಾದ ಮಾತು. ಆಗಿನ ವಿಮಾನ ಬೇರೆ, ಈಗಿನದು ಬೇರೆ. ಲೇಹ್‌ಗೆ ಈಗ ಸಿ-17ರಂಥ ದೊಡ್ಡವೂ ಹೋಗುತ್ತವೆ. ಹವೆ ನೋಡುವ ರಾಡಾರ್, ಉಪಗ್ರಹ ಎಲ್ಲ ಇದೆ. ಲೇಹ್‌ನಲ್ಲಿ ವಿಮಾನಗಳು ಬೆಳಿಗ್ಗೆಯೇ ಬಂದು ಹೋಗುವುದು ಜಾಸ್ತಿ. ಬಿಸಿಲೇರಿದ ಮೇಲೆ ಅಲ್ಲಿ ಗಾಳಿ ಎಬ್ಬಿಸಿ ಹೊಡೆಯುತ್ತದೆ, ಗಾಳಿಯ ಸಾಂದ್ರತೆಯೂ ಇಳಿದು ಎಂಜಿನ್ನಿಗೂ ರೆಕ್ಕೆಗೂ ಶಕ್ತಿ ಸಾಲುವುದಿಲ್ಲ. ಹಾಗಾಗಿ ಮಗ ‘ಇವತ್ತು ವಿಮಾನ ಹೋಗಲಿಲ್ಲ, ನಾಳೆ’ ಅಂತ ಫೋನ್ ಮಾಡಿದರೆ ಬೇಸರ ಮಾಡಿಕೊಳ್ಳಬೇಡಿ. ಮೂರು ದಿನ ಕಾಯಿಸಿದರೂ ಕಾಯಲಿ. ಕಾಯಿಸುವವರು ತಮ್ಮ ಕೆಲಸ ಸರಿಯಾಗಿ ಮಾಡುತ್ತಿದ್ದಾರೆ ಅಂತ ಅರ್ಥ.

ಇನ್ನೊಂದು, ಇದು ನಿಮ್ಮ ಕೈಯಲ್ಲೇ ಇರುವುದು. ರಜೆ ಮುಗಿಸಿ ಬರುವ ಹುಡುಗರ ಚೀಲಗಳನ್ನು ನಾನು ಎಷ್ಟೋ ವರ್ಷ ತೂಗಿದ್ದೇನೆ. ‘ಎಷ್ಟು?’ ಅಂದರೆ ಎಲ್ಲರೂ ‘ಇಪ್ಪತ್ತು ಕಿಲೊ ಸಾಬ್’ ಅನ್ನುತ್ತಾರೆ. ಎತ್ತಿ ನೋಡಿದರೆ ಮೂವತ್ತು. ನಮ್ಮ ಕಡೆಯ ಹುಡುಗ ಅಂತ ಬಿಚ್ಚದೇ ಗೊತ್ತಾಗುತ್ತಿತ್ತು. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಡಬ್ಬಿ, ಕರದಂಟು, ಇಡೀ ಬ್ಯಾರಕ್ಕಿಗೆ ಸಾಲುವಷ್ಟು ಶೇಂಗಾ ಹೋಳಿಗೆ. ಒಬ್ಬನದು ಹತ್ತು ಕಿಲೊ ಏನೂ ಅಲ್ಲ. ನಲವತ್ತು ಜನರದು ಸೇರಿದರೆ ನಾಲ್ಕು ನೂರು ಕಿಲೊ ಚೀಟಿಯಲ್ಲಿ ಇಲ್ಲದ ಭಾರ.

ಕಟ್ಟಿ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಮನೆಯಲ್ಲೇ ತೂಗಿ, ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಬಿಡಿ. ಅಲ್ಲಿ ಕೇಳುವವನಿಗೆ ನಿಮ್ಮ ಮಗ ಸರಿಯಾದ ತೂಕ ಹೇಳಲಿ.